ಗಾಣಗಾಪುರದ ಐದು ಮನೆ, ಒಂದು ನಾಯಿ

"ರಜೆ ಸಿಗುತ್ತೇನೋ ನಿನಗೆ?" ಅಂತ ಅಮ್ಮ ಫೋನಲ್ಲಿ ಕೇಳಿದಾಗ ನನಗೆ ನಗು ಬಂತು. ಅದು ಅವಳಿಗೆ ಕೇಳಿಸಬಾರದು ಅಂತ ಫೋನನ್ನು ಸ್ವಲ್ಪ ದೂರ ಹಿಡಿದೆ. ನನ್ನ ಕೆಲಸ ಹೋಗಿ ಆಗಲೇ ಮೂರು ವಾರ ಆಗಿತ್ತು. ಒಂದು ಬುಧವಾರ ಹದಿನೈದು ನಿಮಿಷದ ವಿಡಿಯೊ ಕಾಲ್, ಎರಡು ತಿಂಗಳ ಸಂಬಳ, ಲ್ಯಾಪ್‌ಟಾಪ್ ವಾಪಸ್ ಕಳಿಸೋಕೆ ಒಂದು ರಟ್ಟಿನ ಡಬ್ಬ. ಅಷ್ಟೇ. ಅಮ್ಮನಿಗೆ ಹೇಳಿರಲಿಲ್ಲ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ, ಇದನ್ನೂ ಯಾಕೆ ಅವಳ ತಲೆ ಮೇಲೆ ಹೊರಿಸಬೇಕು ಅಂತ.

"ಸಿಗುತ್ತಮ್ಮ, ಯಾಕೆ?"

"ಗಾಣಗಾಪುರಕ್ಕೆ ಹೋಗಿ ಬಾ. ನಿಮ್ಮಪ್ಪ ಪ್ರತಿ ವರ್ಷ ಮಧುಕರಿ ಮಾಡ್ತಿದ್ರು. ಹೋದ ವರ್ಷ ಆಸ್ಪತ್ರೆ ಅಂತ ಹೋಗೋಕಾಗಲಿಲ್ಲ. ಅದೊಂದು ಬಾಕಿ ಉಳಿದಿದೆ."

ಮಧುಕರಿ ಅಂದರೆ ಭಿಕ್ಷೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಕನಿಷ್ಠ ಐದು ಮನೆ ಮುಂದೆ ನಿಂತು ಬೇಡುವುದು. ನಾನು ಲಿಂಕ್ಡ್‌ಇನ್‌ನಲ್ಲಿ ಫೋಟೊ ಸುತ್ತ ಆ ಹಸಿರು ಪಟ್ಟಿ ಹಾಕಿಕೊಳ್ಳೋಕೇ ನಾಚಿಕೊಂಡು ಕೂತವನು. ಹಳೆ ಸಹೋದ್ಯೋಗಿಗಳಿಗೆ ರೆಫರಲ್ ಕೇಳಬೇಕು ಅಂತ ನಲವತ್ತು ಜನರ ಪಟ್ಟಿ ಮಾಡಿ, ಒಬ್ಬರಿಗೂ ಮೆಸೇಜ್ ಕಳಿಸಿರಲಿಲ್ಲ. ಅಂಥವನಿಗೆ ಭಿಕ್ಷೆ! ಆದರೂ ಹೂಂ ಅಂದೆ. ಮನೇಲಿ ಕೂತು ಫ್ಯಾನ್ ನೋಡುವುದಕ್ಕಿಂತ ವಾಸಿ.

ಹೊರಡುವ ಮುಂಚೆ ದಾವಣಗೆರೆಯಿಂದ ಅಮ್ಮ ಕೊರಿಯರ್‌ನಲ್ಲಿ ಎರಡು ವಸ್ತು ಕಳಿಸಿದಳು. ಒಂದು ಅಪ್ಪನ ಕಾವಿ ಬಣ್ಣದ ಜೋಳಿಗೆ. ಇನ್ನೊಂದು 2000ನೇ ಇಸವಿಯ ಒಂದು ಬ್ಯಾಂಕ್ ಡೈರಿ. ಅದರಲ್ಲಿ ಮೂರೇ ಮೂರು ಪುಟ ಬರೆದಿತ್ತು, ಅಪ್ಪನ ಆ ಗುಮಾಸ್ತರ ದುಂಡು ಅಕ್ಷರದಲ್ಲಿ. ಮೇಲೆ ತಲೆಬರಹ: "ಅವಧೂತನ 24 ಗುರುಗಳು". ಪ್ರತಿ ಗುರುವಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸಾಲಿನ ಷರಾ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಕೃಷ್ಣ ಉದ್ಧವನಿಗೆ ಒಂದು ಕಥೆ ಹೇಳುತ್ತಾನೆ. ಯದು ಮಹಾರಾಜನಿಗೆ ಕಾಡಲ್ಲಿ ಒಬ್ಬ ಅವಧೂತ ಸಿಗುತ್ತಾನೆ. ಮನೆ ಇಲ್ಲ, ಮಠ ಇಲ್ಲ, ಆದರೂ ಖುಷಿಯಾಗಿದ್ದಾನೆ. ನಿನಗೆ ಯಾರಪ್ಪ ಗುರು ಅಂತ ರಾಜ ಕೇಳಿದರೆ ಅವನು ಇಪ್ಪತ್ನಾಲ್ಕು ಹೆಸರು ಹೇಳುತ್ತಾನೆ. ಅವುಗಳಲ್ಲಿ ಭೂಮಿ, ಗಾಳಿ, ನೀರು ಇವೆ. ಪಿಂಗಳೆ ಅನ್ನೋ ವೇಶ್ಯೆ ಇದ್ದಾಳೆ. ಬಾಣ ಮಾಡುವ ಕಮ್ಮಾರ ಇದ್ದಾನೆ. ಆದರೆ ದೊಡ್ಡ ಪಾಲು ಪ್ರಾಣಿ ಪಕ್ಷಿ ಹುಳುಗಳದ್ದು: ಪಾರಿವಾಳ, ಹೆಬ್ಬಾವು, ಪತಂಗ, ಜೇನು, ಆನೆ, ಜಿಂಕೆ, ಮೀನು, ಕುರರ ಪಕ್ಷಿ, ಹಾವು, ಜೇಡ, ಕಣಜ. ಆ ಅವಧೂತ ದತ್ತಾತ್ರೇಯನೇ ಅಂತ ಸಂಪ್ರದಾಯ ಹೇಳುತ್ತದೆ.

ಈಗ ಇನ್‌ಸ್ಟಾಗ್ರಾಮ್ ತೆರೆದರೆ "ನಿಮ್ಮ ಆತ್ಮದ ಪ್ರಾಣಿ ಯಾವುದು, ಅದರ ಸಂದೇಶ ಏನು" ಅಂತ ರೀಲ್‌ಗಳು ಸಾಲುಸಾಲು. ತೋಳ ಕಂಡರೆ ಧೈರ್ಯ, ಗೂಬೆ ಕಂಡರೆ ಜ್ಞಾನ. ನನಗೆ ಅವುಗಳ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಅಪ್ಪನ ಡೈರಿ ಬೇರೆ ತರಹ ಇತ್ತು. ಅದರಲ್ಲಿ ಗುರುವಿನ ಜೊತೆ ಜಗಳ ಇತ್ತು.

ಹೆಬ್ಬಾವಿನ ಪಕ್ಕ: "ತಾನಾಗಿ ಬಂದದ್ದನ್ನು ತಿಂದು ಸುಮ್ಮನಿರುವುದು. ಸಂಸಾರಸ್ಥರಿಗೆ ಆಗದು."

ಜೇನಿನ ಪಕ್ಕ: "ಸ್ವಲ್ಪ ಸ್ವಲ್ಪ, ಹಲವು ಕಡೆ."

ಕುರರ ಪಕ್ಷಿಯ ಕಥೆ ಹೀಗೆ. ಅದರ ಬಾಯಲ್ಲಿ ಒಂದು ತುಂಡು ಮಾಂಸ ಇರುತ್ತದೆ. ಮಾಂಸ ಸಿಗದ ದೊಡ್ಡ ಹಕ್ಕಿಗಳೆಲ್ಲ ಅದನ್ನು ಅಟ್ಟಿಸಿಕೊಂಡು ಬಂದು ಕುಕ್ಕುತ್ತವೆ. ಅದು ಮಾಂಸ ಬಿಟ್ಟುಬಿಡುತ್ತದೆ, ಕೂಡಲೇ ನೆಮ್ಮದಿ. ಅಪ್ಪ ಇದರ ಪಕ್ಕ ಬರೆದದ್ದು: "ಮಾಂಸ ಬಿಟ್ಟ ಮೇಲೆ ಹಕ್ಕಿಯ ಹೊಟ್ಟೆಯ ಕಥೆ ಏನು? ಯಾರೂ ಬರೆದಿಲ್ಲ."

ಆ ಸಾಲನ್ನು ನಾನು ಆ ರಾತ್ರಿ ಉದ್ಯಾನ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತ್‌ನಲ್ಲಿ ಮಲಗಿ ಎಷ್ಟು ಸಲ ಓದಿದೆನೋ.

ಬೆಳಗ್ಗೆ ಕಲಬುರಗಿಯಲ್ಲಿ ಇಳಿದೆ. ಗಾಣಗಾಪುರ ರೋಡ್ ಅಂತಲೇ ಒಂದು ಸ್ಟೇಷನ್ ಇದೆ, ಆದರೆ ಹೆಸರು ನೋಡಿ ಮೋಸ ಹೋಗಬೇಡಿ, ಊರು ಅಲ್ಲಿಂದ 20 ಕಿಲೋಮೀಟರಿಗೂ ದೂರ. ಕಲಬುರಗಿಯಿಂದ ಅಫಜಲಪುರದ ರಸ್ತೆಯಲ್ಲಿ ಹೋಗಿ ಚೌಡಾಪುರದಲ್ಲಿ ತಿರುಗುವ ಸರ್ಕಾರಿ ಬಸ್ಸುಗಳಿವೆ. ಜನವರಿ ತಿಂಗಳು. ದತ್ತ ಜಯಂತಿಯ ನೂಕುನುಗ್ಗಲು ಮುಗಿದಿತ್ತು. ಎರಡೂ ಕಡೆ ಕಪ್ಪು ಮಣ್ಣು, ಒಣಗಿ ನಿಂತ ತೊಗರಿ, ನಡುವೆ ಹಸಿರು ಜೋಳ. ಎಷ್ಟೋ ಹೊಲಗಳಲ್ಲಿ ತೊಗರಿ ಕೊಯ್ದು ರಾಶಿ ಹಾಕಿದ್ದರು. ಬಸ್ಸಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಈ ಊರಿಗೆ ಕರ್ನಾಟಕದಿಂದ ಬರುವಷ್ಟೇ ಜನ ಸೊಲ್ಲಾಪುರ, ಲಾತೂರು, ಪುಣೆ ಕಡೆಯಿಂದಲೂ ಬರುತ್ತಾರೆ.

ಕಾರಣ ನರಸಿಂಹ ಸರಸ್ವತಿ. ದತ್ತನ ಅವತಾರ ಅಂತ ಭಕ್ತರು ನಂಬುವ ಈ ಯತಿ ಹುಟ್ಟಿದ್ದು ವಿದರ್ಭದ ಕಾರಂಜಾದಲ್ಲಿ. 15ನೇ ಶತಮಾನದಲ್ಲಿ, ಬದುಕಿನ ಕೊನೆಯ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದದ್ದು ಇಲ್ಲಿ, ಭೀಮಾ ಮತ್ತು ಅಮರಜಾ ನದಿ ಸೇರುವ ಸಂಗಮದಲ್ಲಿ. ಇಲ್ಲಿಂದ ಶ್ರೀಶೈಲದ ಕದಳೀವನಕ್ಕೆ ಹೊರಡುವಾಗ ತನ್ನ ನಿರ್ಗುಣ ಪಾದುಕೆ ಬಿಟ್ಟು ಹೋದರು ಅಂತ ಗುರುಚರಿತ್ರೆ ಹೇಳುತ್ತದೆ. ಬೆಳಗ್ಗೆ ಸಂಗಮದಲ್ಲಿ ಸ್ನಾನ, ಮಧ್ಯಾಹ್ನ ಊರಲ್ಲಿ ಭಿಕ್ಷೆ, ರಾತ್ರಿ ಮಠದಲ್ಲಿ ಪೂಜೆ: ಇವತ್ತಿಗೂ ಅವರ ದಿನಚರಿ ಇದೇ ಅಂತ ಊರಿನ ನಂಬಿಕೆ. ಹಾಗಾಗಿ ಮಧ್ಯಾಹ್ನ ಬಾಗಿಲಿಗೆ ಬಂದ ಯಾರನ್ನೂ ಹಗುರಾಗಿ ನೋಡುವಂತಿಲ್ಲ. ದತ್ತ ಯಾವ ವೇಷದಲ್ಲಾದರೂ ಬಂದಿರಬಹುದು.

ಮಾರನೇ ದಿನ ಬೆಳಗಿನ ಜಾವ ಸಂಗಮಕ್ಕೆ ನಡೆದು ಹೊರಟೆ. ಊರಿನಿಂದ ಸುಮಾರು 3 ಕಿಲೋಮೀಟರ್. ಆಟೊಗಳಿವೆ. ಆದರೆ ಅಪ್ಪ ಯಾವಾಗಲೂ ನಡೆದೇ ಹೋಗುತ್ತಿದ್ದರಂತೆ. ಚಹಾದಂಗಡಿಯಲ್ಲಿ ಒಂದು ಚಹಾ, ಒಂದು ಬಿಸ್ಕತ್ ಪ್ಯಾಕೆಟ್ ತಗೊಂಡೆ. ಪ್ಯಾಕೆಟ್ಟಿನ ಸದ್ದಿಗೆ ಬೆಂಚಿನ ಕೆಳಗಿನಿಂದ ಒಂದು ಕಂದು ನಾಯಿ ಎದ್ದು ಮೈ ಕೊಡವಿತು. ಎಡಗಿವಿ ಹರಿದಿತ್ತು.

"ಇದಕ್ಕೆ ಹೆಸರೇನ್ರಿ?" ಅಂದೆ ಅಂಗಡಿಯವರಿಗೆ.

"ಹೆಸರೆಲ್ಲಿದ್ರಿ. ಊರಾಗಿನ ನಾಯಿ ಎಲ್ಲಾ ದತ್ತಪ್ಪನ ನಾಯೀನ ಅವ. ಸಂಗಮಕ್ಕ ಹೊಂಟೀರೇನು? ಬರ್ತದ ತಗೋರಿ ನಿಮ್ಮ ಜೋಡಿ."

ಬಂತು. ದತ್ತಾತ್ರೇಯನ ಚಿತ್ರ ನೀವು ನೋಡಿರ್ತೀರಿ: ಮೂರು ಮುಖ, ಆರು ಕೈ, ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿ. ನಾಯಿಗಳು ನಾಲ್ಕು ವೇದ ಅಂತ ಅರ್ಥ ಹೇಳುತ್ತಾರೆ. ಆದರೆ ನನಗೆ ಒಂದು ವಿಚಿತ್ರ ಅನ್ನಿಸಿದ್ದು, ಆ 24 ಗುರುಗಳ ಪಟ್ಟಿಯಲ್ಲಿ ನಾಯಿಯೇ ಇಲ್ಲ. ಕಣಜಕ್ಕೆ ಜಾಗ ಇದೆ, ಜೇಡಕ್ಕೆ ಇದೆ, ಕಾಲ ಬಳಿ ಕೂತ ನಾಯಿಗಿಲ್ಲ. ಸ್ವರ್ಗದ ಬಾಗಿಲಲ್ಲಿ ಧರ್ಮರಾಜ ಯಾರಿಗಾಗಿ ಹಟ ಹಿಡಿದು ನಿಂತನೋ ಆ ಪ್ರಾಣಿಗೆ ಅವಧೂತ ಯಾಕೆ ಅಂಕ ಕೊಡಲಿಲ್ಲ?

ಕಣಜದ ಮಾತು ಬಂತಲ್ಲ, ಅದೊಂದನ್ನು ಹೇಳಲೇಬೇಕು. ಪಟ್ಟಿಯ ಕೊನೆಯ ಗುರು ಅದು. ಕಣಜ ಒಂದು ಹುಳುವನ್ನು ತಂದು ಗೂಡಿನಲ್ಲಿ ಕೂಡಿಹಾಕುತ್ತದೆ, ಹುಳು ಭಯದಿಂದ ಕಣಜವನ್ನೇ ಧ್ಯಾನಿಸಿ ಧ್ಯಾನಿಸಿ ಕಡೆಗೆ ತಾನೇ ಕಣಜವಾಗುತ್ತದೆ ಅಂತ ಕಥೆ. ಯಾವುದನ್ನು ಧ್ಯಾನಿಸುತ್ತೀಯೋ ಅದೇ ಆಗುತ್ತೀಯ ಅಂತ ಪಾಠ. ವಿಜ್ಞಾನ ಹೇಳುವುದು ಬೇರೆ. ಕಣಜ ಹುಳುವಿಗೆ ಚುಚ್ಚಿ ನಿಶ್ಚೇಷ್ಟ ಮಾಡಿ ಅದರ ಜೊತೆ ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದ ಮರಿ ಆ ಹುಳುವನ್ನೇ ತಿಂದು ಬೆಳೆಯುತ್ತದೆ. ಹೊರಗೆ ಬರುವುದು ಬೇರೆಯೇ ಕಣಜ. ನಾನು ಆರು ವರ್ಷ ನಮ್ಮ ಮ್ಯಾನೇಜರನ್ನೇ ಧ್ಯಾನಿಸಿದೆ, ಅವರ ಹಾಗೇ ಆಗಬೇಕು ಅಂತ. ನನಗಾದದ್ದು ವಿಜ್ಞಾನದ ಪ್ರಕಾರ.

ಇದನ್ನು ನಾಯಿಗೆ ಜೋರಾಗಿ ಹೇಳಿದೆ. ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅದು ಬಿಸ್ಕತ್ತಿನ ಕಡೆ ನೋಡಿತು.

ಸಂಗಮದಲ್ಲಿ ನೀರು ಕಡಿಮೆ ಇತ್ತು, ತಣ್ಣಗೆ ಕೊರೆಯುತ್ತಿತ್ತು. ಮಳೆಗಾಲದಲ್ಲಿ ಮೇಲೆ ಉಜನಿಯಿಂದ ನೀರು ಬಿಟ್ಟರೆ ಇದೇ ಭೀಮೆ ಊರುಗಳನ್ನೇ ನುಂಗುತ್ತಾಳೆ ಅಂತ ನಂಬೋಕೆ ಆಗುವುದಿಲ್ಲ. ಮೂರು ಮುಳುಗು ಹಾಕಿ ಮೇಲೆ ಬಂದೆ. ಅಲ್ಲೇ ಔದುಂಬರ ವೃಕ್ಷ, ನಮ್ಮ ಅತ್ತಿ ಮರ. ಅದರ ಕೆಳಗೆ ಹತ್ತಾರು ಜನ ಕೂತು ಗುರುಚರಿತ್ರೆ ಪಾರಾಯಣ ಮಾಡುತ್ತಿದ್ದರು, ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು. ಜೇನುಗೂಡಿನ ಸದ್ದಿನ ಹಾಗೆ ಒಂದು ಗುಂಯ್ ಗುಂಯ್.

ನಾಯಿ ಏನು ಮಾಡುತ್ತದೆ ಅಂತ ನಾನು ನೋಡುತ್ತಾ ಕೂತೆ. ಅದು ಒಂದೊಂದು ಗುಂಪಿನ ಹತ್ತಿರ ಹೋಗಿ ಒಂದು ಮಾರು ದೂರದಲ್ಲಿ ಕೂರುತ್ತಿತ್ತು. ಬೊಗಳುವುದಿಲ್ಲ, ಮೇಲೆ ಬೀಳುವುದಿಲ್ಲ. ಯಾರಾದರೂ ಏನಾದರೂ ಎಸೆದರೆ ತಿಂದು ಎದ್ದು ಹೋಗುವುದು. ಎಸೆಯದಿದ್ದರೂ ಸ್ವಲ್ಪ ಹೊತ್ತು ಕಾದು ಎದ್ದು ಹೋಗುವುದು. ಎರಡೂ ಸಲ ಅದರ ಬಾಲ ಒಂದೇ ತರಹ ಇರುತ್ತಿತ್ತು. ನಾನು ಇಂಟರ್ವ್ಯೂಗಳಿಂದ ಎದ್ದು ಬಂದ ರೀತಿ ನೆನಪಾಯಿತು.

ಪಕ್ಕದಲ್ಲಿ ಒಬ್ಬ ಅಜ್ಜ ಪಾರಾಯಣ ಮುಗಿಸಿ ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದರು. ಸೊಲ್ಲಾಪುರ ಕಡೆಯವರು, ನಿವೃತ್ತ ಬಸ್ ಕಂಡಕ್ಟರ್. ಮಾತಿಗೆ ಸಿಕ್ಕರು.

"ಏನ್ ಮಾಡ್ತೀರಿ ತಮ್ಮಾ?"

"ಸಾಫ್ಟ್‌ವೇರ್ ಅಜ್ಜಾ" ಅಂದೆ. ಆಮೇಲೆ, ಇವರು ಇನ್ನು ಜನ್ಮದಲ್ಲಿ ಸಿಗುವವರಲ್ಲ ಅಂತಲೋ ಏನೋ, "ಸದ್ಯ ಕೆಲಸ ಇಲ್ಲ" ಅಂತಲೂ ಅಂದೆ. ಈ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅಜ್ಜ ಅಯ್ಯೋ ಅನ್ನಲಿಲ್ಲ. "ಎಮ್ಮೀ ಕಥಿ ಗೊತ್ತದ ಏನು?" ಅಂದರು.

ಗೊತ್ತಿರಲಿಲ್ಲ. ಗುರುಚರಿತ್ರೆಯ ಇಪ್ಪತ್ತೆರಡನೇ ಅಧ್ಯಾಯ. ನರಸಿಂಹ ಸರಸ್ವತಿ ಇನ್ನೂ ಈ ಸಂಗಮದಲ್ಲೇ ಇದ್ದ ಕಾಲ. ಊರಲ್ಲಿ ಒಬ್ಬ ಬಡ ಬ್ರಾಹ್ಮಣ, ಅವನಿಗೆ ಒಂದು ಮುದಿ ಎಮ್ಮೆ. ಬರಡು. ಹಲ್ಲೂ ಇಲ್ಲ. ಮಣ್ಣು ಹೊರುವುದಕ್ಕೆ ಅದನ್ನು ಬಾಡಿಗೆಗೆ ಕೊಟ್ಟು ಬಂದ ಕಾಸಿನಲ್ಲಿ ಸಂಸಾರ. ಒಂದು ದಿನ ಯಾರೂ ಎಮ್ಮೆಯನ್ನು ಬಾಡಿಗೆಗೆ ಕರೆಯಲಿಲ್ಲ. ಆವತ್ತು ಮನೆಯಲ್ಲಿ ಒಲೆ ಹೊತ್ತಲಿಲ್ಲ, ಗಂಡ ಭಿಕ್ಷೆಗೆ ಹೋದ. ಸರಿಯಾಗಿ ಆ ಹೊತ್ತಿಗೇ ಯತಿ ಬಾಗಿಲಿಗೆ ಬಂದರು. ಹೆಂಡತಿ ಏನೂ ಇಲ್ಲ ಅಂದಳು. ಎಮ್ಮೆ ಇದೆಯಲ್ಲ, ಹಾಲು ಕೊಡು ಅಂದರು ಅವರು. ಬರಡು ಎಮ್ಮೆ ಸ್ವಾಮಿ ಅಂದರೂ ಕೇಳಲಿಲ್ಲ, ಹಿಂಡು ಅಂದರು. ಹಿಂಡಿದಳು. ಎರಡು ಪಾತ್ರೆ ಹಾಲು. ಮರುದಿನ ಬಾಡಿಗೆಗೆ ಕೇಳಿಕೊಂಡು ಬಂದವರಿಗೆ, ಇದು ಈಗ ಕರೆಯುವ ಎಮ್ಮೆ, ಮಣ್ಣು ಹೊರೋಕೆ ಕೊಡಲ್ಲ ಅಂತ ಮನೆಯವರು ಹೇಳಿದರು. ಆ ಸುದ್ದಿಯೇ ದೊರೆಯ ಕಿವಿಗೆ ಹೋಗಿ, ಅವನು ಯತಿಯನ್ನು ಮೆರವಣಿಗೆಯಲ್ಲಿ ಊರೊಳಗೆ ಕರೆತಂದ. ಈಗಿನ ಮಠ ಆದದ್ದು ಹಾಗೆ. ಅಂದರೆ ಈ ಇಡೀ ಕ್ಷೇತ್ರ ಒಂದು ರೀತಿಯಲ್ಲಿ ಆ ದಿನ ಕೆಲಸ ಸಿಗದೆ ಮನೆಯಲ್ಲಿ ಉಳಿದ ಒಂದು ಎಮ್ಮೆಯ ಮೇಲೆ ನಿಂತಿದೆ.

"ಪವಾಡ ನಂಬ್ತೀರೇನ್ ಅಜ್ಜಾ?" ಅಂದೆ.

"ನಾ ನಂಬ್ತೀನಿ. ನೀ ಬಿಡು, ನಂಬಬ್ಯಾಡ. ಆದ್ರ ನಂಗ ಒಂದು ಹೇಳು. ಬರಡು ಅಂತ ಹೇಳಿದವ್ರು ಎಷ್ಟು ವರ್ಷದಿಂದ ಹಿಂಡಿ ನೋಡಿದ್ದಿಲ್ಲ? ಮಣ್ಣು ಹೊರಸೂದು ಬಿಟ್ರ ಬ್ಯಾರೆ ಏನರ ಮಾಡಿಸಿ ನೋಡಿದ್ರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ನಿಂತೆ. ನಾಯಿ ನಾನು ಕೊಟ್ಟ ಬಿಸ್ಕತ್ ಮುಗಿದದ್ದು ಗೊತ್ತಾಗಿ ಆಗಲೇ ಒಂದು ಪುಣೆಯ ಕುಟುಂಬದ ಹಿಂದೆ ಹೊರಟುಹೋಗಿತ್ತು. ನಿಷ್ಠೆಯ ಪಾಠ ಕಲಿಯೋಣ ಅಂತ ಹೋದವನಿಗೆ ಸರಿಯಾಗಿ ಆಯಿತು.

ದಾರಿಯಲ್ಲಿ ಭಸ್ಮದ ಗುಡ್ಡಕ್ಕೆ ಹೋಗಿ ಒಂದು ಚಿಟಿಕೆ ಬೂದಿ ತಗೊಂಡು ಊರಿಗೆ ವಾಪಸ್ ಬಂದೆ. ಮಠದಲ್ಲಿ ಸಣ್ಣ ಕಿಂಡಿಯಿಂದ ಪಾದುಕೆ ದರ್ಶನ. ಮಧ್ಯಾಹ್ನದ ಮಹಾಮಂಗಳಾರತಿ ಹೊತ್ತಿಗೆ ಅಲ್ಲಿ ನಡೆಯುವುದರ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೊ ಇವೆ. ಗಾಳಿ ಹಿಡಿದಿದೆ ಅಂತ ಮನೆಯವರು ಕರೆತಂದವರು ಕಿರುಚುತ್ತಾರೆ, ಕಂಬ ಹತ್ತುತ್ತಾರೆ. ನನಗೆ ನೋಡಲಾಗಲಿಲ್ಲ. ನನ್ನ ವಯಸ್ಸಿನ ಒಬ್ಬಳು ಹುಡುಗಿ ಕೂದಲು ಬಿಚ್ಚಿಕೊಂಡು ತೂಗುತ್ತಿದ್ದಳು, ಪಕ್ಕದಲ್ಲಿ ಅವಳ ತಾಯಿ ನೀರಿನ ಬಾಟಲಿ ಹಿಡಿದು ಸುಮ್ಮನೆ ನಿಂತಿದ್ದಳು. ದೇವರ ಜೊತೆ ಒಬ್ಬ ಡಾಕ್ಟರೂ ಸಿಗಲಿ ಅಂತ ಅಂದುಕೊಂಡು ಹೊರಗೆ ಬಂದೆ.

ಇನ್ನು ಮಧುಕರಿ. ಮಠದ ಸುತ್ತಮುತ್ತ ಹರಕೆ ಹೊತ್ತವರು ಪಾತ್ರೆ ಇಟ್ಟುಕೊಂಡು ಕೂತಿರುತ್ತಾರೆ, ಅಲ್ಲೇ ಐದು ಕಡೆ ತೆಗೆದುಕೊಂಡು ಮುಗಿಸಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ಅಪ್ಪ ಓಣಿಗಳಿಗೆ ಹೋಗುತ್ತಿದ್ದರು ಅಂತ ಅಮ್ಮ ಹೇಳಿದ್ದಳು. ಪಂಚೆ ಉಟ್ಟು, ಮೇಲೊಂದು ಶಲ್ಯ ಹೊದ್ದು, ಜೋಳಿಗೆ ಹಾಕಿಕೊಂಡು ಹೊರಟೆ. ಸ್ಮಾರ್ಟ್‌ವಾಚ್ ತೆಗೆದಿಡಲು ಮರೆತಿದ್ದೆ.

ಮೊದಲ ಮನೆ. ಹೊಸ ಬಣ್ಣ, ಗ್ರಿಲ್ ಬಾಗಿಲು. "ಭವತಿ ಭಿಕ್ಷಾಂ ದೇಹಿ" ಅನ್ನಬೇಕು. ಬಾಯಿಂದ ಸ್ವರ ಹೊರಡಲಿಲ್ಲ. ಗಂಟಲು ಸರಿ ಮಾಡಿಕೊಂಡೆ. ಒಳಗಿನಿಂದ ಒಬ್ಬ ಹೆಣ್ಣುಮಗಳು ಇಣುಕಿ, ನನ್ನ ಮುಖ, ನನ್ನ ವಾಚು ನೋಡಿ "ರೂಮ್ ಬೇಕೇನ್ರಿ?" ಅಂದರು.

"ಇಲ್ರಿ... ಮಧುಕರಿ..."

"ಆಗ್ಯಾದ್ರಿ, ಮುಂದ ಹೋಗ್ರಿ."

ಅಷ್ಟೇ. ಒಂದು ಕ್ಷಣದ ಕೆಲಸ. ಆದರೆ ನನ್ನ ಕಿವಿ ಬಿಸಿಯಾಗಿ, ಕಾಲು ನಿಂತಲ್ಲೇ ಹೂತುಹೋಯಿತು. ಆ ಹದಿನೈದು ನಿಮಿಷದ ವಿಡಿಯೊ ಕಾಲ್ ಮುಗಿದಾಗ ಆದದ್ದೂ ಇದೇ. ವಾಪಸ್ ರೂಮಿಗೆ ಹೋಗಿಬಿಡೋಣ, ಅಮ್ಮನಿಗೆ ಆಯ್ತು ಅಂತ ಹೇಳಿದರಾಯಿತು, ಅವಳೇನು ಬಂದು ಎಣಿಸುತ್ತಾಳಾ ಅಂದುಕೊಂಡೆ.

ಆಗ ಆ ಹರಿದ ಕಿವಿ ಕಂಡಿತು. ಓಣಿಯ ತಿರುವಿನಲ್ಲಿ ನಮ್ಮ ಬೆಳಗಿನ ನಾಯಿ, ಗಡಿಬಿಡಿಯಿಲ್ಲದೆ, ಗೊತ್ತಿರುವ ಆಫೀಸಿಗೆ ಹೋಗುವವರ ಹಾಗೆ ನಡೆದು ಹೋಗುತ್ತಿತ್ತು. ಹಿಂದೆ ಹೋದೆ. ಬೇರೆ ಯೋಚನೆ ಏನೂ ಇರಲಿಲ್ಲ, ಎಲ್ಲಿಗಾದರೂ ಹೋಗಬೇಕಿತ್ತು.

ಅದು ಒಂದು ಹಳೆ ಕಲ್ಲಿನ ಮನೆ ಮುಂದೆ ನಿಂತಿತು. ಹೊಸ್ತಿಲಿನಿಂದ ಒಂದು ಮಾರು ದೂರ. ಕೂತಿತು. ನಾನೂ ಅದರ ಪಕ್ಕ ನಿಂತೆ. ಬಾಗಿಲು ತಾನಾಗಿಯೇ ತೆರೆಯಿತು. ಆ ಹೊತ್ತಿಗೆ ಆ ಮನೆಯಲ್ಲಿ ನಾಯಿಗೆ ರೊಟ್ಟಿ ಹಾಕುವ ರೂಢಿ ಅಂತ ಆಮೇಲೆ ಗೊತ್ತಾಯಿತು. ಹೊರಗೆ ಬಂದ ಅಜ್ಜಿ ನಾಯಿಯನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದರು.

"ಜೋಳಿಗಿ ಹಿಡೀಲಾಕ ಬರಂಗಿಲ್ಲೇನು ನಿನಗ? ಎರಡೂ ಕೈಲೆ ಬಾಯಿ ತೆರಿ. ಹಾಂ. ಮೊದಲ್ನೇ ಸಲ ಏನಪಾ?"

"ಹೌದು ಆಯಿ."

"ನಾಚಿಕಿ ಬರ್ತದ. ಮೂರನೇ ಮನಿಗಿ ಹೋಗ್ತದ" ಅಂದರು. ಅನುಭವದ ಮಾತು ಅನ್ನಿಸಿತು.

ಅದಾದ ಮೇಲೆ ನಾನು ನನ್ನ ಗೈಡ್ ಹಿಂದೆ ಹೋಗುವುದೊಂದೇ ಮಾಡಿದೆ. ಯಾವ ಬಾಗಿಲು ಈ ಹೊತ್ತಿಗೆ ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಅಂತ ಅದಕ್ಕೆ ಪಕ್ಕಾ ಗೊತ್ತಿತ್ತು. ಗ್ರಿಲ್ ಇರುವ ಮನೆಗಳ ಕಡೆ ಅದು ತಿರುಗಿಯೂ ನೋಡಲಿಲ್ಲ. ಎರಡನೆಯದು ಲಾತೂರಿನಿಂದ ಬಂದ ಒಂದು ಕುಟುಂಬ ಇಳಿದುಕೊಂಡಿದ್ದ ಮನೆ. ಹರಕೆಗೆ ಗೋಧಿ ಹುಗ್ಗಿ ಮಾಡಿದ್ದರು, ಎಲೆಯ ದೊನ್ನೆಯಲ್ಲಿ ಹಾಕಿಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದರು. ಹಾರಿ ಹಿಂದೆ ಸರಿದೆ. ಮೂರನೆಯದರಲ್ಲಿ ಬೇಳೆ ಮತ್ತು ಅನ್ನ. ನಿಜ, ಅಲ್ಲಿ ನನ್ನ ಸ್ವರ ಸರಿಯಾಗಿ ಬಂತು.

ನಾಲ್ಕನೇ ಮನೆಯಲ್ಲಿ ಎರಡು ಜಡೆಯ ಒಂದು ಸಣ್ಣ ಹುಡುಗಿ ಸೌಟಿನಲ್ಲಿ ಅನ್ನ ತಂದಳು. ಹಾಕುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ದತ್ತಪ್ಪ ಏನ್ರಿ?"

"ಇಲ್ಲಮ್ಮಾ, ನಾನು ಬೆಂಗಳೂರಿಂದ ಬಂದಿದೀನಿ."

"ಅಂವ ಹಂಗೇ ಸುಳ್ ಹೇಳ್ತಾನ ಅಂತ ನಮ್ಮ ಆಯಿ ಹೇಳ್ಯಾಳ" ಅಂದು ಅನ್ನ ಹಾಕಿ ಒಳಗೆ ಓಡಿದಳು. ಆಮೇಲೆ ಕಿಟಕಿಯಿಂದ ನನ್ನನ್ನೂ ನಾಯಿಯನ್ನೂ ಬಹಳ ಹೊತ್ತು ನೋಡಿದಳು. ಅವಳಿಗೆ ನಮ್ಮಿಬ್ಬರಲ್ಲಿ ಯಾರ ಮೇಲೆ ಅನುಮಾನ ಇತ್ತೋ.

ಐದನೆಯದು ತಗಡಿನ ಮನೆ. ಹೊಲದಿಂದ ಆಗಷ್ಟೇ ಬಂದ ಒಬ್ಬ ಅಕ್ಕ, ತಲೆಯ ಮೇಲೆ ತೊಗರಿ ಹೊಟ್ಟಿನ ಧೂಳು ಹಾಗೇ ಇತ್ತು. ಇಲ್ಲಿ ಬೇಡ ಅಂತ ನಾನು ಮುಂದೆ ಹೋಗಲು ನೋಡಿದೆ. ನಾಯಿ ಕೂತುಬಿಟ್ಟಿತ್ತು. ಆಕೆ ತನ್ನ ಬುತ್ತಿಯ ಗಂಟು ಬಿಚ್ಚಿ, ಉಳಿದಿದ್ದ ಒಂದು ರೊಟ್ಟಿಯನ್ನು ಮುರಿದು, ಅರ್ಧ ನನಗೆ ಕೊಟ್ಟು ಮೇಲೆ ಶೇಂಗಾ ಹಿಂಡಿ ಉದುರಿಸಿದಳು. "ಇಷ್ಟಾ ಅದ ಅಣ್ಣಾ" ಅಂದಳು. ಉಳಿದರ್ಧದಲ್ಲಿ ಮತ್ತೆ ಒಂದು ಚೂರು ನಾಯಿಗೆ.

ಮಧುಕರ ಅಂದರೆ ಜೇನು, ದುಂಬಿ. ಒಂದೇ ಹೂವಿನಿಂದ ಎಲ್ಲ ಹೀರಿದರೆ ಹೂವೂ ಹಾಳು. ಅದಕ್ಕೇ ಸ್ವಲ್ಪ ಸ್ವಲ್ಪ, ಹಲವು ಕಡೆ. ಭಾಗವತ ಜೇನಿನ ಬಗ್ಗೆ ಇನ್ನೊಂದು ಮಾತೂ ಹೇಳುತ್ತದೆ: ನಾಳೆಗೆ ಅಂತ ಕೂಡಿಡಬೇಡ, ಕೂಡಿಟ್ಟ ಜೇನಿನಿಂದಲೇ ಜೇನಿಗೆ ಕೇಡು. ಇಎಂಐ ಇರುವ ನಾನು ಈ ಎರಡನೇ ಮಾತನ್ನು ಒಪ್ಪಲಾರೆ, ಅಪ್ಪನೂ ಅದನ್ನು ಬರೆದುಕೊಂಡಿರಲಿಲ್ಲ. ಮೊದಲನೆಯದು ಮಾತ್ರ ಆ ಜೋಳಿಗೆಯ ಭಾರದಲ್ಲಿ ಕೈಗೆ ತಾಕುತ್ತಿತ್ತು. ಯಾರೂ ನನ್ನ ಇಡೀ ಹೊಟ್ಟೆ ತುಂಬಿಸಿರಲಿಲ್ಲ, ಯಾರಿಗೂ ನಾನು ಹೊರೆಯಾಗಿರಲಿಲ್ಲ. ಮಾಂಸ ಬಿಟ್ಟ ಹಕ್ಕಿ ಆಮೇಲೆ ಏನು ತಿಂದಿತು ಅಂತ ಕೇಳಿದ ಮನುಷ್ಯ ಪ್ರತಿ ವರ್ಷ ಇದೇ ಜೋಳಿಗೆ ಹಿಡಿದು ಇದೇ ಓಣಿಗಳಲ್ಲಿ ನಿಂತಿದ್ದ.

ಒಂದು ಬೇವಿನ ಮರದ ಕಟ್ಟೆ ಮೇಲೆ ಕೂತು ಜೋಳಿಗೆ ಬಿಚ್ಚಿದೆ. ಹುಗ್ಗಿ, ಅನ್ನ, ಬೇಳೆ ಎಲ್ಲ ಸ್ವಲ್ಪ ಕಲೆತುಹೋಗಿತ್ತು. ಮೊದಲ ಪಾಲು ನಾಯಿಗೆ. ಆಮೇಲೆ ನಾನು ತಿಂದೆ. ಹಸಿವಾಗಿತ್ತು. ಕೈ ತೊಳೆದು ಅಮ್ಮನಿಗೆ ಫೋನ್ ಮಾಡಿದೆ.

"ಎಷ್ಟು ಮನೆ ಆಯ್ತು?"

"ಐದು. ಮೊದಲನೇ ಮನೇಲಿ ಮುಂದೆ ಹೋಗು ಅಂದ್ರು."

"ಅದು ಸೇರಿಸಿ ಐದಾ, ಬಿಟ್ಟು ಐದಾ?"

"ಬಿಟ್ಟು." ಸ್ವಲ್ಪ ಸುಮ್ಮನಿದ್ದೆ. "ಅಮ್ಮಾ, ನನ್ನ ಕೆಲಸ ಹೋಗಿದೆ. ಮೂರು ವಾರ ಆಯ್ತು."

ಆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದದ್ದು ಕೇಳಿಸಿತು.

"ಗೊತ್ತು" ಅಂದಳು.

"ಹೇಗೆ?"

"ಮಧ್ಯಾಹ್ನ ಫೋನ್ ಮಾಡಿದ್ರೆ ಎತ್ತುತಿದ್ದೆ. ಆರು ವರ್ಷದಲ್ಲಿ ಒಂದಿನ ಎತ್ತಿದ್ದೀಯಾ?" ಆಮೇಲೆ ಅವಳೇ ಮುಂದುವರಿಸಿದಳು. "ನಿಮ್ಮಪ್ಪನೂ ಹೀಗೇ. ಮಿಲ್ಲು ಮುಚ್ಚಿದಾಗ ಹೇಳಲೇ ಇಲ್ಲ. ದಿನಾ ಡಬ್ಬಿ ತಗೊಂಡು ಎಂಟು ಗಂಟೆಗೆ ಹೊರಡೋರು, ಆರಕ್ಕೆ ಬರೋರು. ಆದ್ರೆ ಡಬ್ಬಿ ತೊಳೆದು ತರ್ತಿದ್ರು. ಮಿಲ್ಲಿಗೆ ಹೋಗ್ತಿದ್ದಾಗ ಒಂದಿನಾನೂ ತೊಳೆದು ತಂದೋರಲ್ಲ. ನನಗೆ ಎರಡನೇ ದಿನಕ್ಕೇ ಗೊತ್ತಾಯ್ತು."

"ನೀನು ಕೇಳಲಿಲ್ವಾ?"

"ಅವರಾಗೇ ಹೇಳ್ಲಿ ಅಂತ ಇದ್ದೆ. ಒಂದು ತಿಂಗಳು ಆದ್ಮೇಲೆ ಗಾಣಗಾಪುರಕ್ಕೆ ಹೋಗಿ ಬರ್ತೀನಿ ಅಂದ್ರು. ಅದೇ ಮೊದಲು ಹೋಗಿದ್ದು. ಅಲ್ಲಿಂದಲೇ ಪಕ್ಕದ ಅಂಗಡಿ ಫೋನಿಗೆ ಮಾಡಿ ಹೇಳಿದ್ರು. ನೀನು ಆಗ ಐದು ವರ್ಷದವನು, ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಬೇಕು ಅಂತ ಅಳ್ತಿದ್ದೆ."

ಡೈರಿಯ ಇಸವಿ ಆಗ ನನಗೆ ಹೊಳೆಯಿತು. ಅಮ್ಮ ಅದನ್ನು ಸುಮ್ಮನೆ ಕಳಿಸಿರಲಿಲ್ಲ.

"ಊಟ ಆಯ್ತಾ?" ಅಂದಳು.

"ಆಯ್ತು."

"ರೊಟ್ಟಿ ಉಳಿದಿದ್ರೆ ತಗೊಂಬಾ. ಪ್ರಸಾದ ಅದು, ಅಲ್ಲಿ ಬಿಡಬಾರದು."

ಒಂದೂವರೆ ರೊಟ್ಟಿ ಇತ್ತು. ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ನಾಯಿಯನ್ನು ನೋಡಿದರೆ ಅದು ಕಟ್ಟೆಯ ನೆರಳಲ್ಲಿ ಮೂತಿ ಮುಂಗಾಲ ಮೇಲಿಟ್ಟು ನಿದ್ದೆ ಹೋಗಿತ್ತು. ಮಾತಾಡಿಸಿದೆ, ಕಣ್ಣು ತೆರೆಯಲಿಲ್ಲ. ಹರಿದ ಕಿವಿಯ ಮೇಲೆ ಒಂದು ನೊಣ ಕೂತಿತ್ತು, ಅದನ್ನು ಓಡಿಸಿ ಬಸ್ ಸ್ಟ್ಯಾಂಡಿಗೆ ಹೊರಟೆ.

ಕಲಬುರಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಆ ನಲವತ್ತು ಜನರ ಪಟ್ಟಿ ತೆಗೆದೆ. ಚೌಡಾಪುರ ಬರುವಷ್ಟರಲ್ಲಿ ಐದು ಮೆಸೇಜ್ ಕಳಿಸಿದ್ದೆ. ಒಬ್ಬರು ಆಗಲೇ "ಸದ್ಯಕ್ಕೆ ಇಲ್ಲ ಗುರು" ಅಂತ ಉತ್ತರಿಸಿದ್ದರು. ರಾತ್ರಿ ಬೆಂಗಳೂರಿಗೆ ಮಾಡಿಸಿದ್ದ ರೈಲು ಟಿಕೆಟ್ ರದ್ದು ಮಾಡಿ ದಾವಣಗೆರೆ ಬಸ್ಸಿಗೆ ಒಂದು ಸೀಟು ಬುಕ್ ಮಾಡಿದೆ.